ದುಃಖದಲ್ಲಿರುವ ರೋಗಿಗೆ, ಮನೆಯವರಿಗೆ ಆಸರೆಯಾಗಲು ಆಸ್ಪತ್ರೆ ಸಿಬ್ಬಂದಿಗೆ ತರಬೇತಿ: ಮಲೆನಾಡಿಗೊಂದು ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಬೋಧಕ ಆಸ್ಪತ್ರೆಯಿರಲಿ, ತೀರ್ಥಹಳ್ಳಿ, ಸಾಗರ, ಸೊರಬ, ಹೊಸನಗರಗಳ ತಾಲ್ಲೂಕು ಆಸ್ಪತ್ರೆಗಳಿರಲಿ, ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರವಿರಲಿ, ಸಾವು ಅಲ್ಲಿನ ಸಿಬ್ಬಂದಿಗೆ ಹೊಸದಲ್ಲ. ಮೃತದೇಹವನ್ನು ಶುಚಿಗೊಳಿಸಿ, ಕಟ್ಟಿ, ಗುರುತಿನ ಚೀಟಿ ಹಚ್ಚಿ ಶವಾಗಾರಕ್ಕೆ ಕಳುಹಿಸುವುದನ್ನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಹಂತಹಂತವಾಗಿ ಕಲಿಸಲಾಗುತ್ತದೆ. ಆದರೆ ವಾರ್ಡಿನ ಬಾಗಿಲಾಚೆ ಕಾದು ನಿಂತ ಮಗನಿಗೆ ಆ ಸುದ್ದಿಯನ್ನು ಯಾರು, ಎಲ್ಲಿ, ಯಾವ ಮಾತಿನಲ್ಲಿ ಹೇಳಬೇಕೆಂಬುದು ಹೆಚ್ಚಿನ ಕಡೆ ಆ ಹೊತ್ತಿಗೆ ಡ್ಯೂಟಿಯಲ್ಲಿದ್ದವರ ಸ್ವಭಾವಕ್ಕೆ ಬಿಟ್ಟ ಸಂಗತಿಯಾಗಿದೆ. ಮೃದು ಸ್ವಭಾವದವರಿದ್ದರೆ ಮನೆಯವರ ಪುಣ್ಯ, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿ ಇದು. ಗಾಯಕ್ಕೆ ಹೊಲಿಗೆ ಹಾಕುವುದನ್ನು ಕೈಹಿಡಿದು ಕಲಿಸುವಂತೆ ಇದನ್ನೂ ಕಲಿಸಬಹುದು, ತಿದ್ದಬಹುದು, ಪರೀಕ್ಷಿಸಬಹುದು ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ತರಬೇತಿ ನಡೆಸಲು ದೂರದಿಂದ ತಜ್ಞರನ್ನು ಕರೆಸಲೇಬೇಕೆಂದಿಲ್ಲ. ವಾರ್ಡಿನ ಅನುಭವವುಳ್ಳ ಒಬ್ಬ ಹಿರಿಯ ಶುಶ್ರೂಷಾಧಿಕಾರಿ, ಒಬ್ಬ ವೈದ್ಯಾಧಿಕಾರಿ, ಸಾಧ್ಯವಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕರೊಬ್ಬರು ಇದ್ದರೆ ಸಾಕಾಗುತ್ತದೆ. ಪವರ್‌ಪಾಯಿಂಟ್ ಇಲ್ಲದೆಯೂ ನಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇಲ್ಲದಿದ್ದರೇ ಚೆನ್ನಾಗಿ ನಡೆಯುತ್ತದೆ.

ಹೆಜ್ಜೆ 1: ಮನೆಯವರು ನಡೆಯುವ ದಾರಿಯನ್ನು ನೀವು ನಡೆದು ನೋಡಿ

ತರಬೇತಿಗೆ ಒಂದೆರಡು ವಾರ ಮುಂಚೆ, ಸಂಘಟಕರು ತಮ್ಮ ಆಸ್ಪತ್ರೆಯಲ್ಲಿ ಸಾವು ಸಂಭವಿಸಿದ ಕ್ಷಣದಿಂದ ವಾಹನ ಗೇಟು ದಾಟುವವರೆಗೆ ಒಂದು ಕುಟುಂಬ ಎಲ್ಲೆಲ್ಲಿ ನಿಲ್ಲುತ್ತದೆ, ಯಾರ್‍ಯಾರನ್ನು ಕೇಳುತ್ತದೆ ಎಂಬುದನ್ನು ಕಾಲ್ನಡಿಗೆಯಲ್ಲಿ ಗುರುತಿಸಬೇಕು. ಸುದ್ದಿ ಹೇಳಲು ಬಾಗಿಲು ಮುಚ್ಚಬಹುದಾದ ಒಂದು ಕೋಣೆಯಿದೆಯೇ, ಅಥವಾ ಎಲ್ಲವೂ ಕಾರಿಡಾರಿನಲ್ಲೇ ನಡೆಯುತ್ತದೆಯೇ? ಅಲ್ಲಿ ಕುರ್ಚಿ, ಕುಡಿಯುವ ನೀರು ಇವೆಯೇ? ಶವಾಗಾರದ ಬಳಿ ಮಳೆಗೆ ನೆನೆಯದೆ ಹತ್ತು ಜನ ನಿಲ್ಲಬಹುದೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಈ ಕೊನೆಯ ಪ್ರಶ್ನೆ ಸಣ್ಣದಲ್ಲ.

ಈ ನಡಿಗೆಯ ಫಲವಾಗಿ ಒಂದೇ ಪುಟದ ಮಾಹಿತಿ ಸಿದ್ಧವಾಗಬೇಕು. ದುಃಖದಲ್ಲಿರುವವರಿಗೆ ಮಾಹಿತಿಯೂ ಆಸರೆಯೇ. ಒಬ್ಬರು ಒಂದು ಹೇಳಿ, ಮತ್ತೊಬ್ಬರು ಮತ್ತೊಂದು ಹೇಳಿದಾಗ ಅವರ ಸಂಕಟ ಸಿಟ್ಟಾಗಿ ತಿರುಗುತ್ತದೆ. ಆ ಪುಟದಲ್ಲಿ ಇರಲೇಬೇಕಾದವು ಇವು: 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಆಸ್ಪತ್ರೆಯಲ್ಲಿ ಸಂಭವಿಸಿದ ಮರಣವನ್ನು ನೋಂದಣಾಧಿಕಾರಿಗೆ ತಿಳಿಸುವ ಹೊಣೆ ಆಸ್ಪತ್ರೆಯದು, 2023ರ ತಿದ್ದುಪಡಿಯ ನಂತರ ಮರಣದ ಕಾರಣದ ಪ್ರಮಾಣಪತ್ರದ ಪ್ರತಿಯನ್ನು ಹತ್ತಿರದ ಸಂಬಂಧಿಗೂ ಕೊಡಬೇಕು. ಅಪಘಾತ, ವಿಷ, ಆತ್ಮಹತ್ಯೆ, ಮರದಿಂದ ಬಿದ್ದದ್ದು ಮುಂತಾದ ಅಸಹಜ ಸಾವುಗಳಲ್ಲಿ ಪೊಲೀಸರು ಮಹಜರು ಮುಗಿಸಿ, ಅವರು ಬರೆದುಕೊಟ್ಟ ಮರಣೋತ್ತರ ಪರೀಕ್ಷೆ ನಡೆಯುವವರೆಗೆ ದೇಹವನ್ನು ಬಿಟ್ಟುಕೊಡಲಾಗದು. 2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನ ಅಡಿಯಲ್ಲಿ ನಡೆಯುತ್ತದೆ. ಸೂರ್ಯಾಸ್ತದ ನಂತರ ಮರಣೋತ್ತರ ಪರೀಕ್ಷೆ ನಡೆಸಲು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರ್‌ನಲ್ಲಿ, ಸೌಲಭ್ಯವಿರುವ ಆಸ್ಪತ್ರೆಗಳಿಗೆ ಅನುಮತಿ ನೀಡಿದ್ದರೂ ಕೊಲೆ, ಆತ್ಮಹತ್ಯೆ, ಅತ್ಯಾಚಾರದಂಥ ಪ್ರಕರಣಗಳಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. "ಪೋಸ್ಟ್ ಮಾರ್ಟಂ ಯಾಕೆ? ನಮಗೆ ಯಾರ ಮೇಲೂ ಅನುಮಾನ ಇಲ್ವಲ್ಲ" ಎಂದು ಕೇಳುವ ಅಣ್ಣನಿಗೆ, ಇದು ಅನುಮಾನದ ಪ್ರಶ್ನೆಯಲ್ಲ, ಕಾನೂನಿನ ಕ್ರಮ, ಮುಂದೆ ವಿಮೆ ಹಾಗೂ ಪರಿಹಾರಕ್ಕೂ ಆ ವರದಿ ಬೇಕಾಗುತ್ತದೆ ಎಂದು ಗೇಟಿನ ಸೆಕ್ಯೂರಿಟಿಯಿಂದ ಡಾಕ್ಟರವರೆಗೆ ಎಲ್ಲರೂ ಒಂದೇ ಮಾತಿನಲ್ಲಿ ಹೇಳುವಂತಾಗಬೇಕು.

ಹೆಜ್ಜೆ 2: ಯಾರನ್ನು ಸೇರಿಸಬೇಕು

ವೈದ್ಯರನ್ನೂ ನರ್ಸ್‌ಗಳನ್ನೂ ಮಾತ್ರ ಕೂರಿಸಿ ತರಬೇತಿ ಮುಗಿಸುವುದು ಸಾಮಾನ್ಯ ರೂಢಿ. ಆದರೆ ಸಾವಿನ ನಂತರದ ಗಂಟೆಗಳಲ್ಲಿ ಮನೆಯವರ ಜೊತೆ ಹೆಚ್ಚು ಹೊತ್ತು ಇರುವವರು ಬೇರೆಯೇ: ಸ್ಟ್ರೆಚರ್ ತಳ್ಳುವ ಗ್ರೂಪ್ ಡಿ ನೌಕರ, ಆಯಾ, ಶವಾಗಾರದ ಸಹಾಯಕ, ರೆಕಾರ್ಡ್ ರೂಮಿನ ಗುಮಾಸ್ತ, 108 ಆಂಬುಲೆನ್ಸ್ ಚಾಲಕ, ಸೆಕ್ಯೂರಿಟಿ. ಕುಟುಂಬದ ನೆನಪಿನಲ್ಲಿ ಬಹುಕಾಲ ಉಳಿಯುವುದು "ಏಳನೇ ಬೆಡ್ಡಿನ ಬಾಡಿ ಯಾರದ್ದು, ಬೇಗ ಸೈನ್ ಹಾಕಿ" ಎಂಬ ಮಾತು. ಅದನ್ನು ಆಡಿದವರಿಗೆ ಯಾರೂ ಯಾವತ್ತೂ ಬೇರೆ ರೀತಿಯಲ್ಲಿ ಹೇಳಿಕೊಟ್ಟಿರುವುದಿಲ್ಲ. ಊರಿನ ಕಡೆಯಿಂದ ಆಶಾ ಕಾರ್ಯಕರ್ತೆಯರು ಮತ್ತು ಸಮುದಾಯ ಆರೋಗ್ಯಾಧಿಕಾರಿಗಳು ಬರಲೇಬೇಕು.

ಒಂದು ತಂಡದಲ್ಲಿ 12ರಿಂದ 16 ಜನ ಇದ್ದರೆ ಎಲ್ಲರಿಗೂ ಅಭ್ಯಾಸದ ಸರದಿ ಸಿಗುತ್ತದೆ. ವೈದ್ಯರ ಎದುರು ಗ್ರೂಪ್ ಡಿ ನೌಕರರು ಬಾಯಿ ಬಿಡುವುದಿಲ್ಲವೆಂಬುದು ನಿಜವಾದ್ದರಿಂದ, ಮೊದಲ ಅರ್ಧ ದಿನ ಅವರೊಡನೆ ಬೇರೆಯಾಗಿ ಕುಳಿತು, ಅವರು ಕಂಡದ್ದನ್ನು ಹೆಸರಿಲ್ಲದೆ ಬರೆದುಕೊಂಡು, ಬಳಿಕ ಒಟ್ಟು ಸೇರಿಸುವುದು ಒಳ್ಳೆಯದು. ಇಡೀ ತರಬೇತಿಯನ್ನು ನಾಲ್ಕು ಅರ್ಧ ದಿನಗಳಾಗಿ ಹಂಚಿ, ಪಾಳಿ ತಪ್ಪಿದವರಿಗಾಗಿ ಪ್ರತಿ ಭಾಗವನ್ನೂ ಎರಡು ಬಾರಿ ನಡೆಸಿ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಬೆಳಿಗ್ಗೆ ಕೂರಿಸಿದರೆ ಅವರು ನಿದ್ದೆ ಮಾಡುತ್ತಾರೆ, ಮಾಡಲಿ ಬಿಡಿ ಎನ್ನುವುದಕ್ಕಿಂತ ಬೇರೆ ದಿನ ಕರೆಯುವುದು ಉತ್ತಮ.

ಹೆಜ್ಜೆ 3: ದುಃಖದ ಬಗ್ಗೆ ಒಂದು ಗಂಟೆ, ಹೆಚ್ಚು ಬೇಡ

ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನು ಎಲ್ಲರೂ ಎಲ್ಲೋ ಓದಿರುತ್ತಾರೆ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಇವನ್ನು ಮುಂದಿಟ್ಟದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳೊಡನೆ ಮಾತನಾಡಿ. ಇವು ಒಂದರ ನಂತರ ಒಂದು ಹತ್ತಬೇಕಾದ ಮೆಟ್ಟಿಲುಗಳಲ್ಲ, ಹತ್ತದವರು ತಪ್ಪಿದವರೂ ಅಲ್ಲ. "ಇವರಿನ್ನೂ ನಿರಾಕರಣೆಯಲ್ಲೇ ಇದ್ದಾರೆ" ಎಂದು ಕೇಸ್ ಶೀಟಿನ ಭಾಷೆಯಲ್ಲಿ ಗೊಣಗುವುದನ್ನು ತರಬೇತಿಯಲ್ಲಿ ಬಿಡಿಸಬೇಕು. ಇದಕ್ಕಿಂತ ಉಪಯುಕ್ತವಾದದ್ದು 1999ರಲ್ಲಿ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಷುಟ್ ವಿವರಿಸಿದ ನೋಟ: ದುಃಖಿತರು ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಒಮ್ಮೆ ಬದುಕಿನ ಕೆಲಸಗಳ ಕಡೆಗೆ ತೂಗಾಡುತ್ತಲೇ ಇರುತ್ತಾರೆ. ಗಂಡ ತೀರಿಕೊಂಡ ಅರ್ಧ ಗಂಟೆಗೆ ಹೆಂಡತಿ ಊಟದ ಕ್ಯಾರಿಯರ್‌ನ ಮುಚ್ಚಳ ಎಲ್ಲಿ ಹೋಯಿತೆಂದು ಮಂಚದ ಕೆಳಗೆ ಹುಡುಕಬಹುದು. ಹಸುವಿಗೆ ಹುಲ್ಲು ಹಾಕಿದರೋ ಇಲ್ಲವೋ ಎಂದು ಮನೆಗೆ ಫೋನ್ ಮಾಡಿ ಕೇಳಬಹುದು. ಅವರಿಗೆ ದುಃಖವಿಲ್ಲವೆಂದು ಸಿಸ್ಟರ್‌ಗಳು ಮೂಲೆಯಲ್ಲಿ ಮಾತಾಡಿಕೊಳ್ಳುವುದುಂಟು. ಆ ಮುಚ್ಚಳವನ್ನು ಹುಡುಕಿಕೊಡುವುದೇ ಆ ಹೊತ್ತಿನ ಸರಿಯಾದ ಶುಶ್ರೂಷೆ.

ಜೊತೆಗೆ ಒಂದು ಅಂಶ: ಆಘಾತದ ಮೊದಲ ನಿಮಿಷಗಳಲ್ಲಿ ಹೇಳಿದ್ದು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಆದ್ದರಿಂದ ಮುಖ್ಯ ವಿಷಯವನ್ನು ಎರಡು, ಮೂರು ಸಲ ಬೇಸರವಿಲ್ಲದೆ ಹೇಳಬೇಕು, ಬರೆದೂ ಕೊಡಬೇಕು.

ಹೆಜ್ಜೆ 4: ಸುದ್ದಿ ತಿಳಿಸುವ ಕ್ರಮ

ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ರೂಪಿಸಿದ ‘ಸ್ಪೈಕ್ಸ್’ ಎಂಬ ಆರು ಹಂತಗಳ ಕ್ರಮ ಇಂದಿಗೂ ಬಳಕೆಯಲ್ಲಿದೆ. ನಮ್ಮ ವಾರ್ಡಿಗೆ ಹೊಂದಿಸಿ ಹೇಳುವುದಾದರೆ: ಜಾಗ ಸಿದ್ಧಮಾಡಿಕೊಂಡು ಕುಳಿತುಕೊಳ್ಳುವುದು, ಅವರಿಗೆ ಈಗಾಗಲೇ ಏನು ಗೊತ್ತಿದೆಯೆಂದು ಕೇಳುವುದು, ಎಷ್ಟು ತಿಳಿಯಲು ಬಯಸುತ್ತಾರೆಂದು ಅರಿಯುವುದು, ಸಣ್ಣ ವಾಕ್ಯಗಳಲ್ಲಿ ವಿಷಯ ತಿಳಿಸುವುದು, ಅವರ ಭಾವನೆಗೆ ಸ್ಪಂದಿಸುವುದು, ಮುಂದಿನ ದಾರಿಯನ್ನು ಹೇಳುವುದು. ಹಠಾತ್ ಸಾವಿನಲ್ಲಿ ಮೂರನೆಯದಕ್ಕೆ ಅವಕಾಶ ಕಡಿಮೆ.

ಯಾರಿಗೆ ಹೇಳಬೇಕು ಎಂಬುದೇ ಇಲ್ಲಿ ಮೊದಲ ಗೊಂದಲ. ಮಲೆನಾಡಿನ ಒಂಟಿ ಮನೆಗಳಿಂದ ರೋಗಿಯನ್ನು ಕರೆತರುವವರು ಅನೇಕ ಸಲ ಜೀಪಿರುವ ನೆರೆಯವರು, ತೋಟದ ಮಾಲೀಕರು, ಭಾವ ಅಥವಾ ಪಂಚಾಯಿತಿ ಸದಸ್ಯರು. ಮುಂದೆ ನಿಂತು ಮಾತಾಡುವ ಗಂಡಸಿಗೆ ಹೇಳಿ ಒಳಗೆ ಹೋಗಿಬಿಡುವುದು ಸುಲಭ. ಆಗ ಬೆಂಚಿನ ಮೇಲೆ ಕುಳಿತ ಹೆಂಡತಿಗೆ ಅದು ತುಣುಕು ತುಣುಕಾಗಿ, ಬೇರೆಯವರ ಮುಖ ನೋಡಿ ತಿಳಿಯುತ್ತದೆ. ಹತ್ತಿರದ ರಕ್ತಸಂಬಂಧಿ ಅಥವಾ ಸಂಗಾತಿ ಯಾರೆಂದು ಕೇಳಿ, ಅವರನ್ನೂ ಅವರು ಬಯಸಿದ ಇನ್ನೊಬ್ಬರನ್ನೂ ಒಳಗೆ ಕರೆದು ಕೂರಿಸಿ ವೈದ್ಯರೇ ಹೇಳಬೇಕು, ನರ್ಸ್ ಪಕ್ಕದಲ್ಲಿದ್ದು ವೈದ್ಯರು ಹೋದ ಮೇಲೂ ಅಲ್ಲೇ ಉಳಿಯಬೇಕು.

"ಕೈ ಮೀರಿದೆ", "ಹೋಗಿಬಿಟ್ಟರು", "ಪೇಷಂಟ್ ಇಲ್ಲ", "ಎಕ್ಸ್‌ಪೈರ್ ಆಗಿದೆ" ಎಂಬ ಮಾತುಗಳು ಕೇಳುವವರಲ್ಲಿ ಇನ್ನೂ ಏನೋ ಉಳಿದಿದೆ ಎಂಬ ಆಸೆಯನ್ನೋ ಗೊಂದಲವನ್ನೋ ಬಿಡುತ್ತವೆ. "ತೀರಿಕೊಂಡಿದ್ದಾರೆ" ಎಂಬುದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವಾಗಬೇಕು. ತೀರಿಕೊಂಡವರನ್ನು ಹೆಸರಿನಿಂದ ಅಥವಾ "ನಿಮ್ಮ ತಾಯಿ", "ನಿಮ್ಮ ಯಜಮಾನರು", "ಅಪ್ಪಯ್ಯ" ಎಂದು ಆ ಮನೆಯವರ ಮಾತಿನಲ್ಲೇ ಕರೆಯಬೇಕು.

ಇನ್ನು ಆಡಬಾರದ ಮಾತುಗಳು. "ಅಳಬೇಡಿ, ಧೈರ್ಯ ತಗೊಳ್ಳಿ", "ಎಲ್ಲಾ ಹಣೆಬರಹ", "ಇನ್ನೊಂದು ಮಗು ಆಗುತ್ತೆ ಬಿಡಿ" ಎಂಬವು ಎಲ್ಲರಿಗೂ ಗೊತ್ತು. ಇವೆಲ್ಲಕ್ಕಿಂತ ಹೆಚ್ಚು ಗಾಯ ಮಾಡುವುದು "ಸ್ವಲ್ಪ ಬೇಗ ಕರ್ಕೊಂಡು ಬಂದಿದ್ರೆ" ಎಂಬ ಅರ್ಧ ವಾಕ್ಯ. ಮಲೆನಾಡಿನಲ್ಲಿ ಬೇಗ ಬರುವುದು ಮನೆಯವರ ಇಚ್ಛೆಯೊಂದರ ಮೇಲೆ ನಿಂತಿಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಹೊಳೆಬಾಗಿಲಿನ ಲಾಂಚನ್ನು ನಂಬಿಕೊಂಡಿದ್ದರು. ಆಗೆಲ್ಲ ರಾತ್ರಿ ಎದೆನೋವು ಬಂದರೆ ಸುತ್ತು ಹಾದಿಯೇ ಗತಿಯಾಗಿತ್ತು. ಸಿಗ್ನಲ್ ಇಲ್ಲದ ಮನೆ, ಮರ ಬಿದ್ದ ರಸ್ತೆ, ಮಳೆಗೆ ಮುಚ್ಚಿದ ಘಾಟಿ ಇವನ್ನೆಲ್ಲ ದಾಟಿ ಬಂದವರ ತಲೆಯಲ್ಲಿ ಆ ಅರ್ಧ ವಾಕ್ಯ ವರ್ಷಗಟ್ಟಲೆ ಸುತ್ತುತ್ತದೆ. ಅವರಾಗಿಯೇ "ಬೇಗ ತಂದಿದ್ರೆ ಉಳೀತಿದ್ರಾ?" ಎಂದು ಕೇಳಿದಾಗ ಸುಳ್ಳು ಸಮಾಧಾನವನ್ನೂ ಹೇಳಬಾರದು. "ಅದನ್ನ ಖಚಿತವಾಗಿ ಹೇಳೋಕೆ ನನಗೂ ಆಗಲ್ಲ. ನಿಮಗೆ ಗೊತ್ತಾದ ಕೂಡಲೇ ಹೊರಟಿರಿ, ಆ ರಸ್ತೆಯಲ್ಲಿ ಅದಕ್ಕಿಂತ ಬೇಗ ಬರೋಕೆ ಆಗ್ತಿರಲಿಲ್ಲ" ಎಂಬುದು, ನಿಜವಿದ್ದಲ್ಲಿ, ಹೇಳಬಹುದಾದ ಮಾತು.

ಫೋನಿನ ವಿಷಯವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಬೇಕು. ರೋಗಿಯನ್ನು ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಕಳುಹಿಸಿ, ಮನೆಯವರು ಹಿಂದಿನಿಂದ ಬೇರೆ ವಾಹನದಲ್ಲಿ ಬರುತ್ತಿರುವುದು ಇಲ್ಲಿ ಸಾಮಾನ್ಯ. ಆಗುಂಬೆ ಅಥವಾ ಹುಲಿಕಲ್ ಘಾಟಿಯ ತಿರುವಿನಲ್ಲಿ ಕಾರು ಓಡಿಸುತ್ತಿರುವ ಮಗನಿಗೆ ಸಾವಿನ ಸುದ್ದಿ ಹೇಳುವುದು ಅಪಾಯ. ಕರೆ ಮಾಡಿದವರು ಮೊದಲು ತಾವು ಯಾರೆಂದು ಹೇಳಿ, "ಎಲ್ಲಿದ್ದೀರಿ, ಗಾಡಿ ಯಾರು ಓಡಿಸ್ತಿದಾರೆ, ಜೊತೆಗೆ ಯಾರಿದಾರೆ" ಎಂದು ಕೇಳಬೇಕು. ಓಡಿಸುತ್ತಿದ್ದರೆ ಬದಿಗೆ ನಿಲ್ಲಿಸಲು ಹೇಳಿ, ಸ್ಥಿತಿ ತುಂಬ ಗಂಭೀರವಾಗಿದೆ, ನಿಧಾನವಾಗಿ ಬನ್ನಿ, ಬಂದ ಕೂಡಲೇ ನನ್ನನ್ನು ಕೇಳಿ ಎಂದು ಹೆಸರು ಕೊಡಬೇಕು. ಆದರೆ "ಸತ್ಯ ಹೇಳಿ, ಅಪ್ಪ ಬದುಕಿದಾರಾ?" ಎಂದು ನೇರವಾಗಿ ಕೇಳಿದರೆ ಬದುಕಿದ್ದಾರೆಂದು ಸುಳ್ಳು ಹೇಳಬಾರದು. ಗಾಡಿ ನಿಂತಿದೆಯೆಂದು ಖಾತ್ರಿಪಡಿಸಿಕೊಂಡು, ಹೇಳಿ, ಜೊತೆಯಲ್ಲಿದ್ದವರ ಕೈಗೆ ಫೋನ್ ಕೊಡಿಸಿ ಮಾತು ಮುಂದುವರಿಸಬೇಕು.

ಹೆಜ್ಜೆ 5: ಪಾತ್ರಾಭಿನಯ

ಅರ್ಧದಷ್ಟು ಸಮಯವನ್ನು ಇದಕ್ಕೇ ಮೀಸಲಿಡಿ. ಮೂರು ಮೂರು ಜನರ ಗುಂಪು ಮಾಡಿ: ಒಬ್ಬರು ಸಿಬ್ಬಂದಿ, ಒಬ್ಬರು ಮನೆಯವರು, ಒಬ್ಬರು ನೋಡುವವರು. ಒಂದು ದೃಶ್ಯ ಐದಾರು ನಿಮಿಷ. ನಂತರ ಹತ್ತು ನಿಮಿಷ ಚರ್ಚೆ. ಮತ್ತೆ ಅದೇ ದೃಶ್ಯವನ್ನು ತಿದ್ದುಪಡಿಯೊಂದಿಗೆ ಇನ್ನೊಮ್ಮೆ. ಎರಡನೆಯ ಸಲ ಮಾಡಿಸದಿದ್ದರೆ ಇದು ನಾಟಕವಾಗಿಯೇ ಉಳಿಯುತ್ತದೆ. ಚರ್ಚೆಯಲ್ಲಿ ಮೊದಲು ಮನೆಯವರ ಪಾತ್ರ ಮಾಡಿದವರು ತಮಗೇನನ್ನಿಸಿತೆಂದು ಹೇಳಲಿ, ಕೊನೆಗೆ ತರಬೇತುದಾರರು. ಇತ್ತೀಚೆಗೆ ಸ್ವಂತ ಮನೆಯಲ್ಲಿ ಸಾವು ಕಂಡವರಿಗೆ, ಕಾರಣ ಹೇಳದೆಯೇ ಹೊರಗುಳಿಯುವ ಅವಕಾಶವಿದೆಯೆಂದು ಆರಂಭದಲ್ಲೇ ಪ್ರಕಟಿಸಬೇಕು.

ಮೊದಲ ದೃಶ್ಯಕ್ಕೆ ಅಡಿಕೆ ಕೊಯ್ಲಿನ ಕಾಲದ ಪ್ರಕರಣ ಸೂಕ್ತ. ಅಡಿಕೆ ಗೊನೆ ಇಳಿಸುವ ಕೊನೆಗಾರನೊಬ್ಬ ಮರದಿಂದ ಬಿದ್ದಿದ್ದಾನೆ, ತುರ್ತು ಚಿಕಿತ್ಸಾ ಘಟಕದಲ್ಲಿ ತೀರಿಕೊಂಡಿದ್ದಾನೆ. ಹೊರಗೆ ಹೆಂಡತಿಯೂ ತೋಟದ ಮಾಲೀಕರೂ ಇದ್ದಾರೆ.

"ಸಿಸ್ಟರ್, ನಮ್ಮೋರು ಹೆಂಗಿದಾರೆ?"

"ಬನ್ನಿ ಅಮ್ಮಾ, ಒಳಗೆ ಕೂತ್ಕೊಳ್ಳಿ. ಇವರು ಡಾಕ್ಟ್ರು. ನಿಮ್ಮ ಜೊತೆ ಯಾರು ಇರ್ಬೇಕು ಅಂತ ನಿಮಗೆ ಅನ್ಸುತ್ತೆ?"

"ನನ್ನ ತಮ್ಮ ಬರ್ತಿದಾನೆ. ಹೇಳಿ, ಏನಾಗಿದೆ?"

"ಅಮ್ಮಾ, ಕೆಟ್ಟ ಸುದ್ದಿ ಹೇಳ್ಬೇಕಾಗಿದೆ. ಬಿದ್ದಾಗ ತಲೆಗೆ ತುಂಬಾ ದೊಡ್ಡ ಪೆಟ್ಟಾಗಿತ್ತು. ಉಸಿರಾಟಕ್ಕೆ, ಹೃದಯಕ್ಕೆ ಏನು ಮಾಡ್ಬೇಕೋ ಎಲ್ಲ ಮಾಡಿದ್ವಿ. ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ನಿಮ್ಮ ಯಜಮಾನ್ರು ತೀರ್ಕೊಂಡಿದಾರೆ."

ಇಲ್ಲಿಗೆ ವೈದ್ಯರ ಪಾತ್ರಧಾರಿ ಮಾತು ನಿಲ್ಲಿಸಬೇಕು. ನೋಡುವವರ ಕೆಲಸ ಗಡಿಯಾರ ಹಿಡಿದು ಆ ಮೌನವನ್ನು ಅಳೆಯುವುದು. ಹೆಚ್ಚಿನವರು ಕೆಲವೇ ಸೆಕೆಂಡುಗಳಲ್ಲಿ ತಡೆಯಲಾಗದೆ ಸಿಟಿ ಸ್ಕ್ಯಾನಿನ ವಿವರಕ್ಕೋ ಪೋಸ್ಟ್ ಮಾರ್ಟಂ ಕಾಗದಕ್ಕೋ ಜಿಗಿಯುತ್ತಾರೆ. ಅರ್ಧ ನಿಮಿಷ ಸುಮ್ಮನಿದ್ದು, ಆಕೆ ತಲೆಯೆತ್ತಿದ ಮೇಲೆ ಮಾತನಾಡುವುದು ಕಷ್ಟದ ಕಲೆ, ಮೂರು ನಾಲ್ಕು ಸಲದ ಅಭ್ಯಾಸದಿಂದಲೇ ಬರುವಂಥದ್ದು.

ಎರಡನೆಯ ದೃಶ್ಯ ಮಂಗನ ಕಾಯಿಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಡಿಸೆಂಬರಿನಿಂದ ಮೇವರೆಗೆ ಕಾಡುತ್ತದೆ, ಸೋಂಕಿತರಲ್ಲಿ ಶೇ. 3ರಿಂದ 5ರಷ್ಟು ಜನ ಸಾಯುತ್ತಾರೆ. ಪಕ್ಕದ ಮನೆಯವರು ಗುಣವಾಗಿ ಬಂದಿರುವಾಗ ನಮ್ಮವರೇ ಯಾಕೆ ಹೋದರು ಎಂಬ ಪ್ರಶ್ನೆ ಅದಕ್ಕಾಗಿಯೇ ಚೂಪಾಗಿರುತ್ತದೆ. "ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ನಾನೇ ಕಳಿಸಿದ್ದೆ" ಎಂದು ತಾಯಿ ತನ್ನನ್ನೇ ದೂರಿಕೊಳ್ಳುವುದನ್ನು ಪಾತ್ರಧಾರಿ ಹೇಳಲಿ, ಸಿಬ್ಬಂದಿ ಅದನ್ನು ತಳ್ಳಿಹಾಕದೆ ಕೇಳಿಸಿಕೊಳ್ಳುವುದನ್ನು ಕಲಿಯಲಿ. ರೋಗ ಉಣುಗಿನ ಕಡಿತದಿಂದ ಹರಡುವುದೇ ಹೊರತು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲವಾದ್ದರಿಂದ, ಮುಖ ಮುಟ್ಟಿ ಅಳಲು ಬಂದವರನ್ನು ಭಯದಿಂದ ದೂರ ಸರಿಸುವ ಅಗತ್ಯವಿಲ್ಲವೆಂಬುದೂ ಈ ದೃಶ್ಯದಲ್ಲಿ ಮನದಟ್ಟಾಗಬೇಕು.

ಮೂರನೆಯದು ಹೊಟ್ಟೆಯಲ್ಲೇ ತೀರಿಹೋದ ಮಗು. ಹೆರಿಗೆ ವಾರ್ಡಿನಲ್ಲಿ ಈ ದುಃಖಕ್ಕೆ ಜಾಗವೇ ಇರುವುದಿಲ್ಲ. ತಾಯಿಯನ್ನು ಬೇರೆ ಮಕ್ಕಳ ನಡುವಿನಿಂದ ಬೇರೆ ಹಾಸಿಗೆಗೆ ಬದಲಾಯಿಸಬೇಕು. "ನೋಡಿದ್ರೆ ಇನ್ನೂ ಸಂಕಟ ಆಗುತ್ತೆ, ತೋರಿಸ್ಬೇಡಿ" ಎಂದು ಅತ್ತೆಯೋ ಗಂಡನೋ ಹೇಳಿದ್ದನ್ನೇ ಕೊನೆಯ ಮಾತಾಗಿಸದೆ, ತಾಯಿಯನ್ನೇ ಕೇಳಬೇಕು: ಮಗುವನ್ನು ನೋಡುತ್ತೀರಾ, ಎತ್ತಿಕೊಳ್ಳುತ್ತೀರಾ? ಬೇಡವೆಂದರೆ ಬೇಡ, ಸ್ವಲ್ಪ ಹೊತ್ತಿನ ನಂತರ ಇನ್ನೊಮ್ಮೆ ಕೇಳುವುದರಲ್ಲಿ ತಪ್ಪಿಲ್ಲ. ಎರಡು ಮೂರು ದಿನಗಳಲ್ಲಿ ಎದೆಹಾಲು ಇಳಿಯುತ್ತದೆ, ಎದೆ ಬಿಗಿದು ನೋಯುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಮನೆಗೆ ಕಳುಹಿಸುವ ಮುನ್ನ ಹೇಳದೆ ಇರುವುದು ಕ್ರೌರ್ಯಕ್ಕೆ ಸಮ. ತಾಯಿ ಕಾರ್ಡಿನ ದಾಖಲೆಯನ್ನು ಅಂದೇ ತಿದ್ದಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಇಲ್ಲದಿದ್ದರೆ ಆರು ವಾರಕ್ಕೆ ಆ ಮನೆಗೆ "ಮಗುವಿಗೆ ಲಸಿಕೆ ಹಾಕಿಸಲು ಬನ್ನಿ" ಎಂಬ ಕರೆ ಹೋಗುತ್ತದೆ.

ನಾಲ್ಕನೆಯದಾಗಿ ಗುಂಪುಗೂಡಿದ ಸಿಟ್ಟಿನ ದೃಶ್ಯವನ್ನೂ ಇಡಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆಯಿದೆ, ಅದರ ಫಲಕ ಗೋಡೆಯ ಮೇಲಿರುತ್ತದೆ. ಸುದ್ದಿ ಹೇಳುವ ಹೊತ್ತಿನಲ್ಲಿ ಆ ಫಲಕದ ಕಡೆ ಬೆರಳು ತೋರಿಸಿದರೆ ಮಾತು ಮುಗಿದಂತೆಯೇ. ಗುಂಪಿನಲ್ಲಿ ಎಲ್ಲರಿಗೂ ಉತ್ತರ ಕೊಡಲು ಹೋಗದೆ, ಹತ್ತಿರದ ಇಬ್ಬರನ್ನು ಒಳಗೆ ಕರೆದು ಕೂರಿಸುವುದು, ದನಿ ತಗ್ಗಿಸುವುದು, ಬಾಗಿಲ ಕಡೆ ದಾರಿಯಿರುವಂತೆ ಕುಳಿತುಕೊಳ್ಳುವುದು, ಅಪಾಯ ಕಂಡರೆ ಸಹಾಯಕ್ಕೆ ಕರೆಯುವುದು ಇಲ್ಲಿನ ಪಾಠ.

ಅಂಗಾಂಗ ದಾನದ ಮಾತನ್ನು ಇದೇ ತರಬೇತಿಯಲ್ಲಿ ಬೆರೆಸಬೇಡಿ. ಮಿದುಳು ನಿಷ್ಕ್ರಿಯವಾದವರ ಎದೆ ಯಂತ್ರದ ನೆರವಿನಿಂದ ಏರಿಳಿಯುತ್ತಿರುವುದನ್ನು ಕಾಣುತ್ತಿರುವ ಮನೆಯವರಿಗೆ ಸಾವನ್ನು ವಿವರಿಸುವುದೇ ಒಂದು ಮಾತು, ದಾನ ಕೇಳುವುದು ಮತ್ತೊಂದು. 1994ರ ಕಾಯ್ದೆಯಂತೆ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ನಡೆದು ದೃಢಪಟ್ಟ ಮೇಲೆ, ತರಬೇತಿ ಪಡೆದ ಸಂಯೋಜಕರು ಪ್ರತ್ಯೇಕವಾಗಿ ಕೇಳಬೇಕು. ರಾಜ್ಯದಲ್ಲಿ ಇದರ ಹೊಣೆ ‘ಜೀವಸಾರ್ಥಕತೆ’ ಸಂಸ್ಥೆಯದು.

ಹೆಜ್ಜೆ 6: ಕೊನೆಯ ಗಳಿಗೆ, ದೇಹ, ಶಾಸ್ತ್ರ

ಹೆಸರು ನೋಡಿ ಜಾತಿ, ಜಾತಿ ನೋಡಿ ಶಾಸ್ತ್ರ ಊಹಿಸುವುದು ನಮ್ಮಲ್ಲಿ ಎಲ್ಲರಿಗೂ ಬರುವ ವಿದ್ಯೆ. ತರಬೇತಿಯಲ್ಲಿ ಕಲಿಸಬೇಕಾದದ್ದು "ನಿಮ್ಮ ಮನೆಯ ಪದ್ಧತಿ ಏನಿದೆ, ಈಗ ನಾವು ಏನು ಮಾಡ್ಬೇಕು, ಏನು ಮಾಡ್ಬಾರ್ದು ಹೇಳಿ" ಎಂಬ ಒಂದು ಪ್ರಶ್ನೆಯನ್ನು. ಆದರೂ ಕೆಲವು ಸಂಗತಿಗಳನ್ನು ಸಿಬ್ಬಂದಿ ತಿಳಿದಿರಲೇಬೇಕು. ಕೊನೆಯಲ್ಲಿ ತುಳಸಿ ನೀರು ಬಿಡಬೇಕೆನ್ನುವವರನ್ನು ತಡೆಯುವ ಬದಲು, ನುಂಗಲಾಗದವರಿಗೆ ಉಸಿರುಗಟ್ಟದಂತೆ ತುಟಿಗೆ ಮಾತ್ರ ಒದ್ದೆ ಮಾಡುವುದನ್ನು ತೋರಿಸಿಕೊಡಬಹುದು. ಮುಸ್ಲಿಂ ಕುಟುಂಬಗಳು ಆದಷ್ಟು ಬೇಗ ದಫನ್ ಮಾಡಬಯಸುತ್ತವೆ, ಕಾಗದಪತ್ರದ ವಿಳಂಬ ಅವರಿಗೆ ದುಪ್ಪಟ್ಟು ಭಾರ. ಕ್ಯಾಥೊಲಿಕರು ಸಾವಿಗೆ ಮುಂಚೆಯೇ ಪಾದ್ರಿಯನ್ನು ಕರೆಸಲು ಇಚ್ಛಿಸಬಹುದು, ಹಾಗಾಗಿ ರೋಗಿ ಕ್ಷೀಣಿಸುತ್ತಿರುವುದನ್ನು ಮೊದಲೇ ತಿಳಿಸಬೇಕು. ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಪದ್ಧತಿಯಿದೆ. ಸಾವಿನ ಕೆಲವೇ ಗಂಟೆಗಳಲ್ಲಿ ದೇಹ ಬಿಗಿಯತೊಡಗಿ ಸುಮಾರು 12 ಗಂಟೆಯ ಹೊತ್ತಿಗೆ ಪೂರ್ತಿ ಸೆಟೆದುಕೊಳ್ಳುವುದರಿಂದ, ಕೈಕಾಲು ನೇರಮಾಡಿ ಕಟ್ಟುವ ಮುನ್ನ ಮನೆಯವರನ್ನು ಕೇಳದಿದ್ದರೆ ಅವರಿಗೆ ಮುಂದೆ ತೊಂದರೆಯಾಗುತ್ತದೆ. ಇದನ್ನು ಯಾವ ಕೈಪಿಡಿಯೂ ಹೇಳಿಕೊಡದಿರಬಹುದು, ಗ್ರೂಪ್ ಡಿ ನೌಕರರಿಗೆ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ.

ತಾಳಿ, ಕಾಲುಂಗುರ, ಬಳೆ, ಉಡಿದಾರಗಳನ್ನು ಕೇಳದೆ ಕತ್ತರಿಸಬಾರದು. ತೆಗೆದ ಒಡವೆಗಳನ್ನು ಇಬ್ಬರು ಸಾಕ್ಷಿಗಳೆದುರು ಪಟ್ಟಿ ಮಾಡಿ, ಕವರಿನಲ್ಲಿ ಹಾಕಿ, ಕೈಗೇ ಕೊಟ್ಟು ಸಹಿ ಪಡೆಯಬೇಕು. ಹಳೆಯ ಪ್ಲಾಸ್ಟಿಕ್ ಚೀಲದಲ್ಲಿ ಚಪ್ಪಲಿಯ ಜೊತೆ ತುರುಕಿ ಕೊಡುವುದು ಬೇಡ. ಮನೆಯವರು ದೇಹ ನೋಡುವ ಮುನ್ನ ನಳಿಕೆಗಳನ್ನು ತೆಗೆದು (ಪೊಲೀಸ್ ತನಿಖೆಗೆ ಒಳಪಡುವ ಎಂಎಲ್‌ಸಿ ಪ್ರಕರಣಗಳಲ್ಲಿ ತೆಗೆಯುವಂತಿಲ್ಲ, ಯಾಕೆಂದು ವಿವರಿಸಬೇಕು), ಮುಖ ಒರೆಸಿ, ಕೂದಲು ಸರಿಪಡಿಸಿ, ಏನು ಕಾಣುತ್ತದೆಂದು ಮುಂಚಿತವಾಗಿ ಹೇಳಿ ಒಳಗೆ ಬಿಡಬೇಕು.

ಮಕ್ಕಳನ್ನು ಹೊರಗಿಡುವುದು ನಮ್ಮ ವಾಡಿಕೆ. "ಅಜ್ಜಿ ಮಲಗಿದಾರೆ", "ಊರಿಗೆ ಹೋಗಿದಾರೆ" ಎಂದು ಕೇಳಿದ ಮಗು ಮಲಗಲು ಹೆದರಬಹುದು, ಅಥವಾ ಬಸ್ಸಿಗೆ ಕಾಯಬಹುದು. ಅಜ್ಜಿ ತೀರಿಕೊಂಡಿದ್ದಾರೆ, ಅವರ ದೇಹ ಇನ್ನು ಕೆಲಸ ಮಾಡುವುದಿಲ್ಲ, ನಿನ್ನಿಂದ ಏನೂ ತಪ್ಪಾಗಿಲ್ಲ ಎಂದು ಮನೆಯವರೇ ಸರಳವಾಗಿ ಹೇಳಲು ನೆರವಾಗಬೇಕು.

ಹೆಜ್ಜೆ 7: ರೋಗಿಯ ಸ್ವಂತ ದುಃಖ

ಕಾಲು ಕಳೆದುಕೊಂಡ ಸಕ್ಕರೆ ಕಾಯಿಲೆಯ ರೈತ, ಕ್ಯಾನ್ಸರ್ ಹರಡಿದೆಯೆಂದು ಗುಮಾನಿಪಡುತ್ತಿರುವ ಗೃಹಿಣಿ, ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಬಸ್ಸಿನಲ್ಲಿ ಬರುವ ಮೇಷ್ಟ್ರು, ಇವರೆಲ್ಲ ಬದುಕಿದ್ದೂ ಕಳೆದುಕೊಳ್ಳುತ್ತಿರುವವರು. ಇಲ್ಲಿನ ದೊಡ್ಡ ತೊಡಕು "ಅವರಿಗೆ ಹೇಳ್ಬೇಡಿ ಡಾಕ್ಟ್ರೇ, ಕುಸಿದು ಹೋಗ್ತಾರೆ" ಎಂಬ ಮನೆಯವರ ಕೋರಿಕೆ. ಅದನ್ನು ಮೂಢತನವೆಂದು ಬಗೆಯಬಾರದು. ಅದರ ಹಿಂದೆ ಪ್ರೀತಿಯೂ ಭಯವೂ ಇವೆ. ಮೊದಲು ಆ ಭಯ ಏನೆಂದು ಕೇಳಿ. ನಂತರ ರೋಗಿಗೆ ಈಗಾಗಲೇ ಏನು ಗೊತ್ತಿರಬಹುದೆಂದು ಅವರನ್ನೇ ಯೋಚಿಸಲು ಬಿಡಿ. ಹೆಚ್ಚಿನ ಸಲ ರೋಗಿಗೆ ಗೊತ್ತಿರುತ್ತದೆ, ಮನೆಯವರಿಗೆ ನೋವಾಗಬಾರದೆಂದು ಅವರೂ ಬಾಯಿ ಮುಚ್ಚಿಕೊಂಡಿರುತ್ತಾರೆ. "ನಾವಾಗಿ ಹೇಳುವುದಿಲ್ಲ, ಅವರಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ" ಎಂಬ ಒಪ್ಪಂದಕ್ಕೆ ಬಂದು, ರೋಗಿಯನ್ನು "ನಿಮ್ಮ ಕಾಯಿಲೆ ಬಗ್ಗೆ ನಿಮಗೇ ಹೇಳಲೋ, ಮಗನ ಹತ್ತಿರ ಮಾತಾಡಲೋ?" ಎಂದು ಕೇಳುವುದು ಸಭ್ಯವಾದ ದಾರಿ.

ಹೆಜ್ಜೆ 8: ವೈಕುಂಠ ಸಮಾರಾಧನೆ ಮುಗಿದ ಮೇಲೆ

ಹನ್ನೊಂದು, ಹದಿಮೂರನೇ ದಿನದವರೆಗೆ ಮನೆ ತುಂಬ ಜನ. ನಂಟರೆಲ್ಲ ಬಸ್ಸು ಹತ್ತಿದ ಮೇಲೆ, ಮಳೆಗಾಲವಾದರಂತೂ ಪಕ್ಕದ ಮನೆಗೂ ಹೋಗಲಾಗದ ಒಂಟಿ ಮನೆಯಲ್ಲಿ, ದುಃಖ ನಿಜವಾಗಿ ಶುರುವಾಗುತ್ತದೆ. ಆಶಾ ಕಾರ್ಯಕರ್ತೆಯ ಭೇಟಿಯನ್ನು ಅದಕ್ಕೆ ಸರಿಯಾಗಿ ಹೊಂದಿಸಿ: ಕಾರ್ಯಗಳು ಮುಗಿದ ವಾರದಲ್ಲಿ ಒಮ್ಮೆ, ಆರು ವಾರಕ್ಕೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ. ಬಿಪಿ, ಶುಗರ್ ಮಾತ್ರೆ ನಿಂತಿದೆಯೇ, ನಿದ್ದೆ, ಊಟ ಹೇಗಿದೆ, ಕುಡಿತ ಹೆಚ್ಚಾಗಿದೆಯೇ ಎಂದು ವಿಚಾರಿಸುತ್ತ, ತೀರಿಕೊಂಡವರ ಹೆಸರೆತ್ತಿ ಅವರ ಬಗ್ಗೆ ಮಾತಾಡಲು ಬಿಡಬೇಕು. ಹೆಸರೆತ್ತಿದರೆ ನೋವಾಗುತ್ತದೆಂದು ಊರೆಲ್ಲ ಸುಮ್ಮನಿರುವಾಗ ಇದೊಂದು ದೊಡ್ಡ ಉಪಕಾರ.

ಹಂಬಲ, ಸಂಕಟ ಆರು ತಿಂಗಳು ದಾಟಿಯೂ ತಗ್ಗದೆ, ದಿನದ ಬದುಕೇ ನಿಂತುಹೋದರೆ ಅದನ್ನು ದೀರ್ಘಕಾಲದ ಶೋಕದ ಕಾಯಿಲೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ 11ನೇ ರೋಗ ವರ್ಗೀಕರಣ ಗುರುತಿಸುತ್ತದೆ. ಆದರೆ ಅದು ಆಯಾ ಸಮಾಜದ ರೂಢಿಗಿಂತ ಹೆಚ್ಚಿನದಾಗಿರಬೇಕೆಂಬ ಷರತ್ತೂ ಅದರಲ್ಲಿದೆ. ವರ್ಷದ ತಿಥಿಯವರೆಗೆ ಹಬ್ಬ ಮಾಡದ ಮನೆಯನ್ನು ರೋಗಿಷ್ಠವೆಂದು ಬರೆದುಕೊಳ್ಳಬಾರದು. "ನಾನೂ ಅವರ ಹಿಂದೆಯೇ ಹೋಗ್ಬೇಕು ಅನ್ಸುತ್ತೆ" ಎಂಬ ಮಾತು ಬಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ, ಅಂದೇ ವೈದ್ಯಾಧಿಕಾರಿಗೆ ತಿಳಿಸಬೇಕು. ದಿನದ 24 ಗಂಟೆಯೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಬರಬೇಕು. ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಮನೆಯಲ್ಲಿ "ಯಾಕೆ ಮಾಡ್ಕೊಂಡ್ರು?" ಎಂಬ ಪ್ರಶ್ನೆಯನ್ನು ಊರು ಆಗಲೇ ಸಾಕಷ್ಟು ಬಾರಿ ಕೇಳಿರುತ್ತದೆ, ಆರೋಗ್ಯ ಕಾರ್ಯಕರ್ತೆ ಅದನ್ನು ಕೇಳುವುದು ಬೇಡ.

ಹೆಜ್ಜೆ 9: ಸಿಬ್ಬಂದಿಯ ದುಃಖ

ಸಾವಿನ ನಂತರ ಅದೇ ಪಾಳಿಯಲ್ಲಿ ಹತ್ತು ನಿಮಿಷ ಎಲ್ಲರೂ ಕುಳಿತು, ಏನಾಯಿತು, ಯಾರಿಗೆ ಹೇಗನ್ನಿಸಿತು ಎಂದು ಮಾತಾಡಿಕೊಳ್ಳುವ ವ್ಯವಸ್ಥೆಯಿರಲಿ. ಚಿಕಿತ್ಸೆಯ ತಪ್ಪು ಒಪ್ಪು ವಿಚಾರಿಸುವ ಸಭೆ ಬೇರೆ, ಅದನ್ನು ಇದರೊಳಗೆ ತರಬಾರದು. ಮನೆಯವರೆದುರು ನರ್ಸ್‌ನ ಕಣ್ಣು ತುಂಬಿ ಬಂದರೆ ಅದು ಅಶಿಸ್ತಲ್ಲ; ಮನೆಯವರೇ ಅವರನ್ನು ಸಮಾಧಾನಪಡಿಸಬೇಕಾದ ಸ್ಥಿತಿ ಬಂದರೆ ಮಾತ್ರ ಸಹೋದ್ಯೋಗಿ ಆ ಜಾಗಕ್ಕೆ ಬರಬೇಕು.

ಹೆಜ್ಜೆ 10: ಕಲಿತದ್ದು ಉಳಿದಿದೆಯೇ ಎಂದು ನೋಡುವುದು

ತರಬೇತಿಯ ಕೊನೆಗೆ ಪ್ರಶ್ನೆಪತ್ರಿಕೆ ಕೊಟ್ಟು ಪ್ರಮಾಣಪತ್ರ ಹಂಚುವುದರಿಂದ ಏನೂ ತಿಳಿಯುವುದಿಲ್ಲ. ಮೂರು ತಿಂಗಳ ನಂತರ ವಾರ್ಡಿಗೆ ಹೋಗಿ ನೋಡಿ: ಸುದ್ದಿಯನ್ನು ಕುಳಿತು ಹೇಳುತ್ತಿದ್ದಾರೆಯೇ, ಹತ್ತಿರದವರಿಗೇ ಹೇಳುತ್ತಿದ್ದಾರೆಯೇ, ಮುಂದೆ ಯಾರನ್ನು ಕೇಳಬೇಕೆಂದು ಒಬ್ಬರ ಹೆಸರು ಕೊಟ್ಟಿದ್ದಾರೆಯೇ, ದೇಹ ಬಿಟ್ಟುಕೊಡಲು ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಸಿಕ್ಕಿಕೊಂಡಿತು. ಒಪ್ಪುವ ಕುಟುಂಬಗಳನ್ನು ಕೆಲವು ವಾರಗಳ ನಂತರ ಮಾತಾಡಿಸಿ, ಯಾವ ಮಾತು ನೆರವಾಯಿತು, ಯಾವುದು ಚುಚ್ಚಿತು ಎಂದು ಕೇಳಿದರೆ ಮುಂದಿನ ತರಬೇತಿಯ ದೃಶ್ಯಗಳು ತಾವಾಗಿ ಸಿಗುತ್ತವೆ.

ಮರುತರಬೇತಿಯನ್ನು ನವೆಂಬರ್‌ನಲ್ಲಿ, ಮಂಗನ ಕಾಯಿಲೆಯ ಕಾಲ ಆರಂಭವಾಗುವ ಮೊದಲು ಒಮ್ಮೆ, ಮೇ ಕೊನೆಯಲ್ಲಿ ಮಳೆಗೆ ಮುಂಚೆ ಒಮ್ಮೆ ಇಟ್ಟುಕೊಳ್ಳಬಹುದು. ವರ್ಗಾವಣೆಯಲ್ಲಿ ಹೊಸಬರು ಬರುತ್ತಲೇ ಇರುವುದರಿಂದ, ಮೊದಲ ಹೆಜ್ಜೆಯಲ್ಲಿ ತಯಾರಿಸಿದ ಒಂದು ಪುಟದ ಮಾಹಿತಿಯನ್ನು ಅವರು ಡ್ಯೂಟಿಗೆ ಹಾಜರಾದ ದಿನವೇ ಕೊಡುವ ಹೊಣೆಯನ್ನು ವಾರ್ಡಿನ ಹಿರಿಯ ಸಿಸ್ಟರ್‌ಗೆ ಬರವಣಿಗೆಯಲ್ಲಿ ಒಪ್ಪಿಸಿ. ಶವ ಸಾಗಿಸುವ ವಾಹನದವರ ಮೊಬೈಲ್ ಸಂಖ್ಯೆಗಳು ಮೇಲಿಂದ ಮೇಲೆ ಬದಲಾಗುತ್ತವೆ. ತಿಂಗಳಿಗೊಮ್ಮೆ ಆ ಸಂಖ್ಯೆಗಳಿಗೆ ಕರೆ ಮಾಡಿ, ಉತ್ತರ ಬರದವನ್ನು ಹೊಡೆದುಹಾಕಿ, ಪುಟವನ್ನು ಹೊಸದಾಗಿ ಅಂಟಿಸಿ.